ಆರನೇ ಸುಳಿವು

ಇಳಾಳ ಹುಟ್ಟುಹಬ್ಬದ ಪಾರ್ಟಿಗೆ ಇನ್ನು ಮೂರು ದಿನ ಇರುವಾಗ ಅವಳ ಅಪ್ಪ ರವಿಕಿರಣ್ ಫೋನ್ ಮಾಡಿ, ನಿಧಿಯ ಪೆಟ್ಟಿಗೆಯನ್ನು ಮಾವಿನ ಮರದ ಕೆಳಗೆ ಇಡುವುದು ಬೇಡ ಎಂದ.

"ಹಿಂದಿನ ಗೇಟ್ ಹತ್ರ ಇಡಿ ದಿವ್ಯ ಅವ್ರೇ. ಆರನೇ ಕ್ಲೂ ಇಳಾಗೆ ಮಾತ್ರ. ಆ ಟೈಮಲ್ಲಿ ಬೇರೆ ಮಕ್ಕಳನ್ನ ಮುಂದ್ಗಡೆ ಮ್ಯಾಜಿಕ್ ಶೋಗೆ ಕೂರ್ಸಿಬಿಡಿ. ಇವಳೊಬ್ಬಳೇ ಬರ್ಲಿ. ಕರೆಕ್ಟಾಗಿ ಐದೂವರೆಗೆ."

ದಿವ್ಯ ಕೋಣನಕುಂಟೆಯ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು ಥರ್ಮಕೋಲಿನ ಬಂಡೆಯೊಂದಕ್ಕೆ ಬೂದು ಬಣ್ಣ ಬಳಿಯುತ್ತಿದ್ದಳು. ಮಾವ ಹಸು ಕಟ್ಟುತ್ತಿದ್ದ ಕಾಲದ ಶೆಡ್ಡು ಅದು. ಈಗ ಅಲ್ಲಿ ಹಗ್ಗದ ಏಣಿಗಳು, ಬಟ್ಟೆಯ ಬಳ್ಳಿಗಳು, ರಟ್ಟಿನ ಮೊಸಳೆ ಇದ್ದವು. ಮಕ್ಕಳ ಹುಟ್ಟುಹಬ್ಬದ ಪಾರ್ಟಿ ಮಾಡಿಕೊಡುವುದು ಅವಳ ಕೆಲಸ. ಕಾಡು, ಸಮುದ್ರ, ಗುಹೆ, ಯಾವುದು ಬೇಕೋ ಅದು.

"ಹಿಂದಿನ ಗೇಟ್ ಸಂದಿಗೆ ಹೋಗುತ್ತಲ್ವಾ ಸಾರ್?"

"ಅಲ್ಲೇ ನಾನಿರ್ತೀನಿ. ಸರ್ಪ್ರೈಸ್. ಹಂಸಾಗೆ ಹೇಳ್ಬೇಡಿ, ಅವಳಿಗೂ ಸರ್ಪ್ರೈಸ್ ಆಗ್ಲಿ."

ದಿವ್ಯ ಆಯ್ತು ಎಂದಳು. ಅವಳಿಗೆ ಆಗ ಏನೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ರವಿಕಿರಣ್ ಹಿಡಿಸಿದ್ದ. ಎರಡು ವಾರದ ಹಿಂದೆ ಬನಶಂಕರಿಯ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತ ಅವನು ಇಡೀ ಆಟದ ನಕ್ಷೆಯನ್ನು ತಾನೇ ಬರೆದು ತೋರಿಸಿದ್ದ. ಬಲೂನು ಕಟ್ಟಬೇಡಿ, ಒಡೆದರೆ ಮಗಳು ಹೆದರುತ್ತಾಳೆ ಎಂದಿದ್ದ. ಸುಳಿವುಗಳಲ್ಲಿ ಅಕ್ಷರ ಬೇಡ, ಚಿತ್ರ ಇರಲಿ, ಓದಲು ಬಾರದ ಪದ ಸಿಕ್ಕರೆ ಅವಳಿಗೆ ಸಿಟ್ಟು ಬರುತ್ತದೆ ಎಂದಿದ್ದ. ಆರು ವರ್ಷಕ್ಕೆ ಆರು ಸುಳಿವು. ಇಷ್ಟು ಪಾರ್ಟಿ ಮಾಡಿದವಳು ದಿವ್ಯ, ಮಗುವಿನ ಬಗ್ಗೆ ಇಷ್ಟು ಗೊತ್ತಿದ್ದ ಅಪ್ಪನನ್ನು ನೋಡಿರಲಿಲ್ಲ.

ಗಂಡ ಹೆಂಡತಿ ಬೇರೆ ಬೇರೆ ಇರುವುದನ್ನು ಇಳಾಳ ತಾಯಿ ಹಂಸಾ ಮೊದಲ ದಿನವೇ ಹೇಳಿದ್ದಳು. ಹಂಸಾ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ಜಯನಗರದ ಹಳೆಯ ಮನೆಯಲ್ಲಿ ಮಗಳು ಇಳಾ ಮತ್ತು ತಂದೆ ಜಯಸಿಂಹ ಅವರ ಜೊತೆ ಇದ್ದಳು. "ಕೋರ್ಟಲ್ಲಿ ಕೇಸ್ ಇದೆ. ಶನಿವಾರ ಎರಡು ಗಂಟೆ ಹೊತ್ತು ಅವರು ಇಳಾನ ಪಾರ್ಕಿಗೆ ಕರ್ಕೊಂಡು ಹೋಗ್ತಾರೆ, ಅಷ್ಟೆ. ಈ ಸಲ ಹುಟ್ಟಿದಬ್ಬಕ್ಕೆ ಬರ್ಲಿ ಅಂತ ನಾನೇ ಹೇಳಿದೀನಿ. ಪ್ಲಾನ್ ಕೂಡ ಅವರೇ ಮಾಡ್ಲಿ. ಅವಳಿಗೆ ಖುಷಿಯಾಗುತ್ತೆ." ಹಾಗೆ ಹೇಳುವಾಗ ಅವಳು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

ಶುಕ್ರವಾರ ರವಿಕಿರಣ್ ಮತ್ತೆ ಫೋನ್ ಮಾಡಿದ. ಇಳಾಗೆ ಸಾಹಸಿಯ ವೇಷ ಬೇಡವಂತೆ. ಜೀನ್ಸ್, ಶೂ, ಮೇಲೊಂದು ಜಾಕೆಟ್ ಇರಲಿ ಎಂದ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗನ್ನು ತಾನೇ ತರುತ್ತೇನೆ ಎಂದ.

ದಿವ್ಯಳಿಗೆ ಬಟ್ಟೆ ಹೊಲಿದುಕೊಡುವ ಮರಿಯಮ್ಮ ತಿಲಕ್ ನಗರದಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡಿದ್ದಳು. ಐವತ್ತೈದು ದಾಟಿದ ಹೆಂಗಸು, ಬಾಯಿ ಸ್ವಲ್ಪ ಜೋರು. ನಾಲ್ಕು ಜೇಬಿನ ಖಾಕಿ ಫ್ರಾಕು ಹೊಲಿದು, ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ್ದಳು. ವಿಷಯ ಕೇಳಿ ಅವಳಿಗೆ ರೇಗಿಹೋಯಿತು.

"ಈ ಏಪ್ರಿಲ್ ಸೆಕೇಲಿ ಮಗೂಗೆ ಜಾಕೆಟ್ಟಾ? ಎಲ್ಲಿಗೆ ಹೊರಟಿದೆಯಂತೆ ಅದು?"

ದಿವ್ಯ ನಕ್ಕಳು. ಆದರೆ ಸ್ಕೂಟರಿನಲ್ಲಿ ಮನೆಗೆ ಬರುವಾಗ, ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಆ ಪ್ರಶ್ನೆ ಮತ್ತೆ ತಲೆಗೆ ಬಂತು. ಎಲ್ಲಿಗೆ? ಹಸಿರು ದೀಪ ಬಂದದ್ದು ಗೊತ್ತಾಗದೆ ನಿಂತಳು, ಹಿಂದಿನವರು ಹಾರ್ನ್ ಹೊಡೆದ ಮೇಲೆ ಹೊರಟಳು.

ಶನಿವಾರ ಬೆಳಗ್ಗೆ ಹಂಸಾಳ ಫೋನ್ ಬಂತು. ಕೇಕು, ಕುರ್ಚಿ, ಬರುವ ಮಕ್ಕಳ ಸಂಖ್ಯೆ, ಎಲ್ಲ ಮಾತಾಡಿ ಮುಗಿದ ಮೇಲೆ ಅವಳು ಕೊನೆಗೆ ಹೇಳಿದಳು:

"ಆಮೇಲೆ, ಇಳಾ ಪಾಸ್‌ಪೋರ್ಟ್ ರವಿಕಿರಣ್ ಹತ್ರ ಕೊಟ್ಟು ಕಳಿಸಿದೀನಿ. ಸಿಕ್ತು ತಾನೇ? ಮಕ್ಕಳಿಗೆ ಆಟದ ಪಾಸ್‌ಪೋರ್ಟ್ ಮಾಡ್ತಿದೀರಂತೆ, ಡಿಸೈನ್ ನೋಡ್ಕೊಳ್ಳೋಕೆ ನಿಜವಾದ್ದು ಒಂದು ಕೇಳಿದ್ರಂತೆ ನೀವು. ಹುಷಾರಾಗಿಟ್ಕೊಳ್ಳಿ, ಪ್ಲೀಸ್."

ದಿವ್ಯ ಮಕ್ಕಳಿಗೆ ಆಟದ ಪಾಸ್‌ಪೋರ್ಟ್ ಮಾಡುತ್ತಿದ್ದುದು ನಿಜ. ಪ್ರತಿ ಸುಳಿವು ಸಿಕ್ಕಾಗಲೂ ಅದರ ಮೇಲೊಂದು ಮುದ್ರೆ ಬೀಳುತ್ತಿತ್ತು. ಆದರೆ ಅವಳು ಯಾರ ಬಳಿಯೂ ನಿಜವಾದ ಪಾಸ್‌ಪೋರ್ಟ್ ಕೇಳಿರಲಿಲ್ಲ.

ಇಲ್ಲ ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಹೂಂ ಮೇಡಂ," ಎಂದುಬಿಟ್ಟಳು.

ಫೋನ್ ಇಟ್ಟ ಮೇಲೆ ಅವಳು ಶೆಡ್ಡಿನ ಹೊಸ್ತಿಲ ಮೇಲೆ ಕೂತಳು. ಯಾಕೆ ಹಾಗೆ ಹೇಳಿದೆ ಎಂದು ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ಜೆ.ಪಿ. ನಗರದ ಒಂದು ಪಾರ್ಟಿಯಲ್ಲಿ ಮಗುವಿನ ಚಿಕ್ಕಪ್ಪ ಕುಡಿದು ಬಂದು ಮಕ್ಕಳನ್ನು ಕಾರಿನಲ್ಲಿ ರೌಂಡು ಹೊಡೆಸಲು ಹೊರಟಾಗ ಅವಳು ಅಡ್ಡ ನಿಂತಿದ್ದಳು. ಆ ಮನೆಯವರು ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ, ಪಾರ್ಟಿ ಮಾಡೋರು ಮನೆ ವಿಷಯಕ್ಕೆ ತಲೆ ಹಾಕುತ್ತಾರೆ ಎಂದು ಬರೆದರು. ಆರು ತಿಂಗಳು ಯಾರೂ ಕರೆಯಲಿಲ್ಲ. ಅವತ್ತಿನಿಂದ ಗಿರಾಕಿ ಏನೇ ಅಂದರೂ ಹೂಂ ಎನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ನೇರವಾಗಿ ಮರಿಯಮ್ಮನ ಬಳಿಗೆ ಹೋಗಿ ಎಲ್ಲ ಹೇಳಿದಳು. ಹಿಂದಿನ ಗೇಟು, ಒಬ್ಬಳೇ ಮಗು, ಐದೂವರೆ, ಶೂ, ಜಾಕೆಟ್ಟು, ಪಾಸ್‌ಪೋರ್ಟು. ಹೇಳುತ್ತ ಹೋದಂತೆ ಅವಳಿಗೇ ಭಯವಾಯಿತು. ಮರಿಯಮ್ಮ ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡಳು.

"ನಾನೇ ಏನೇನೋ ಕಲ್ಪಿಸ್ಕೊತಿದೀನಾ ಅಕ್ಕ? ಆಯಪ್ಪ ಒಳ್ಳೆಯವನು. ಮಗಳು ಅಂದ್ರೆ ಪ್ರಾಣ."

"ಪ್ರಾಣ ಅಂತಾನೇ ಎತ್ಕೊಂಡು ಹೋಗ್ತಾನೆ. ಬೇಡ ಅನ್ನೋನು ಯಾಕಮ್ಮ ಎತ್ಕೊಂಡು ಹೋಗ್ತಾನೆ?"

"ನಂದು ತಪ್ಪಾಗಿದ್ರೆ?"

"ತಪ್ಪಾಗಿದ್ರೆ ಬೈತಾರೆ, ಬೈಸ್ಕೋ. ಸರಿಯಾಗಿದ್ರೆ ಏನು, ಅದನ್ನ ಯೋಚ್ನೆ ಮಾಡು. ಹೋಗಿ ಆ ತಾಯಿಗೆ ಹೇಳು."

ಮಧ್ಯಾಹ್ನ ಹಗ್ಗ, ಬಳ್ಳಿ ಕಟ್ಟಲು ಜಯನಗರದ ಮನೆಗೆ ಹೋದಾಗ ಹಂಸಾ ಇರಲಿಲ್ಲ. ಪರೀಕ್ಷೆ ಡ್ಯೂಟಿಗೆ ಹೋಗಿದ್ದಳು, ಬರುವುದು ಏಳು ಗಂಟೆಗೆ ಎಂದರು ಜಯಸಿಂಹ. ದಿವ್ಯ ಮಾವಿನ ಮರಕ್ಕೆ ಹಗ್ಗದ ಏಣಿ ಕಟ್ಟುತ್ತಿದ್ದಾಗ ರವಿಕಿರಣ್ ಪಾರ್ಕಿನಿಂದ ಇಳಾಳನ್ನು ಕರೆತಂದು ಬಿಟ್ಟ. ಅವಳು ಅಪ್ಪನ ಕೈ ಬಿಟ್ಟು ಮೆಟ್ಟಿಲು ಎಣಿಸುತ್ತ ಒಳಗೆ ಓಡಿದಳು. ಅವನು ಗೇಟಿನ ಒಳಗೆ ಎರಡೇ ಹೆಜ್ಜೆ ಬಂದು ನಿಂತು ಮರವನ್ನು ನೋಡಿದ.

"ಸಖತ್ತಾಗಿದೆ," ಎಂದ.

ದಿವ್ಯ ಏಣಿಯ ಹಗ್ಗ ಹಿಡಿದುಕೊಂಡೇ ಹೇಳಿದಳು: "ಸಾರ್, ಪಾಸ್‌ಪೋರ್ಟ್ ನಾನು ಕೇಳಿರ್ಲಿಲ್ಲ."

ಅವನ ಮುಖದಲ್ಲಿದ್ದ ನಗು ತಕ್ಷಣ ಹೋಗಲಿಲ್ಲ. ನಿಧಾನವಾಗಿ ಹೋಯಿತು. ಅವನು ಮನೆಯ ಬಾಗಿಲ ಕಡೆ ನೋಡಿದ, ಮತ್ತೆ ಅವಳನ್ನು ನೋಡಿದ.

"ನಿಮಗೆ ಮಕ್ಕಳಿದಾರಾ?"

"ಒಬ್ಬ ಮಗ ಸಾರ್. ರೇವಂತ್. ಎಂಟು ವರ್ಷ."

"ವಾರಕ್ಕೆ ಎಷ್ಟು ಗಂಟೆ ನೋಡ್ತೀರ ಅವನ್ನ?"

ಅವಳು ಹಗ್ಗವನ್ನು ಕೊಂಬೆಗೆ ಇನ್ನೊಂದು ಸುತ್ತು ಸುತ್ತಿದಳು.

"ನಾನು ಎರಡು ಗಂಟೆ. ಅದ್ರಲ್ಲಿ ಅರ್ಧ ಗಂಟೆ ಅವಳು ನನ್ನ ಹತ್ರ ಮಾತೇ ಆಡಲ್ಲ, ನಾಚ್ಕೊಂಡು ಕೂತಿರ್ತಾಳೆ. ಸರಿಯಾಗಿ ಮಾತು ಶುರುವಾಗೋ ಹೊತ್ತಿಗೆ ವಾಪಸ್ ಬಿಡ್ಬೇಕು. ಇನ್ನು ದುಬೈಗೆ ಹೋದ್ಮೇಲೆ ಅದೂ ಇಲ್ಲ. ಕಂಪನಿಯೋರು ಟ್ರಾನ್ಸ್‌ಫರ್ ಮಾಡಿದಾರೆ." ಅವನ ದನಿ ಏರಿರಲಿಲ್ಲ. "ನೀವು ಪಾರ್ಟಿ ಚೆನ್ನಾಗಿ ಮಾಡಿ ದಿವ್ಯ ಅವ್ರೇ. ಅಷ್ಟು ಸಾಕು."

ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅವನು ಹೋದ ಮೇಲೆ ದಿವ್ಯ ಕಟ್ಟಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಜಯಸಿಂಹರಿಗೆ ಹೇಳೋಣವೆಂದು ವರಾಂಡದವರೆಗೆ ಹೋದಳು. ಅವರು ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಅವಳ ಶೂ ಬಿಚ್ಚುತ್ತಿದ್ದರು. ಮಗುವಿನ ಎದುರಿಗೆ ಹೇಗೆ ಹೇಳುವುದು ಎಂದು ತನಗೆ ತಾನೇ ನೆಪ ಹೇಳಿಕೊಂಡು ವಾಪಸಾದಳು.

ಭಾನುವಾರ ಬೆಳಗ್ಗೆ ಏಳೂವರೆಗೆ ಅವಳು ಜಯನಗರದ ಮನೆಯ ಬೆಲ್ ಒತ್ತಿದಳು. ಹಂಸಾ ಅಡುಗೆಮನೆಯಲ್ಲಿ ಕೋಸಂಬರಿಗೆ ಕ್ಯಾರೆಟ್ ತುರಿಯುತ್ತಿದ್ದಳು. ಇಳಾ ಇನ್ನೂ ಎದ್ದಿರಲಿಲ್ಲ.

"ಮೇಡಂ, ಪಾಸ್‌ಪೋರ್ಟ್ ನನ್ನ ಹತ್ರ ಇಲ್ಲ. ನಾನು ಕೇಳೂ ಇಲ್ಲ."

ತುರಿಯುವ ಕೈ ನಿಂತಿತು. "ನಿನ್ನೆ ಹೂಂ ಅಂದ್ರಲ್ಲ?"

"ಸುಳ್ಳು ಹೇಳ್ದೆ ಮೇಡಂ. ಹೆದರ್ಕೊಂಡು."

ಉಳಿದದ್ದನ್ನು ದಿವ್ಯ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹಂಸಾ ಬೈಯಬಹುದೆಂದು ಕಾದಳು. ಹಂಸಾ ಕ್ಯಾರೆಟ್ಟನ್ನು ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಂಡು, ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. ಬೆನ್ನಿಗೆ ಸಿಲಿಂಡರು ತಾಗುತ್ತಿತ್ತು, ಅದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಜಯಸಿಂಹ, "ಪಾರ್ಟಿ ಕ್ಯಾನ್ಸಲ್ ಮಾಡು. ಪೊಲೀಸಿಗೆ ಫೋನ್ ಮಾಡ್ತೀನಿ," ಎಂದರು.

"ಏನಂತ ಹೇಳ್ತೀರಪ್ಪ? ಅಪ್ಪ ಮಗಳ ಹುಟ್ಟಿದಬ್ಬಕ್ಕೆ ಬರ್ತಾನೆ ಅಂತಲಾ?" ಹಂಸಾ ಎದ್ದು ನಿಂತಳು. "ಈಗ ಗೊತ್ತಾಯ್ತು ಅಂತ ತಿಳಿದ್ರೆ ಇವತ್ತು ಸುಮ್ನಾಗ್ತಾರೆ. ಪಾಸ್‌ಪೋರ್ಟ್ ಅವರ ಹತ್ರಾನೇ ಉಳಿಯುತ್ತೆ. ಆಮೇಲೆ ಯಾವುದೋ ಶನಿವಾರ ಪಾರ್ಕಿಂದ ಹೋಗೇಬಿಡ್ತಾರೆ. ನಾನು ಎಷ್ಟು ಶನಿವಾರ ಕಾಯ್ಲಿ?"

ಅವಳು ತನ್ನ ವಕೀಲೆಗೆ ಫೋನ್ ಮಾಡಿದಳು. ಬಾಗಿಲು ಹಾಕಿಕೊಂಡು ಹದಿನೈದು ನಿಮಿಷ ಮಾತಾಡಿ ಹೊರಬಂದಾಗ ಮುಖ ಬಿಗಿದಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಪಾರ್ಟಿ ನಡೆಯಬೇಕು. ಹಿಂದಿನ ಗೇಟಿಗೆ ಬೀಗ. ಆರನೇ ಸುಳಿವು ಬದಲಾಗಬೇಕು, ಇಳಾ ಮನೆಯೊಳಗಿನ ಸ್ಟೋರ್ ರೂಮಿಗೆ ಬರಬೇಕು, ಅಲ್ಲಿ ತಾತ ಇರುತ್ತಾರೆ. ಐದೂವರೆಗೆ ಹಿಂದಿನ ಗೇಟಿಗೆ ಹೋಗುವುದು ಹಂಸಾ, ಒಬ್ಬಳೇ.

"ಪಾಸ್‌ಪೋರ್ಟ್ ನಾನು ಇಸ್ಕೊತೀನಿ. ಮಗು ಮುಂದೆ ಏನೂ ಆಗ್ಬಾರ್ದು. ಇಷ್ಟು ಮಾಡ್ಕೊಡ್ತೀರಾ?"

ದಿವ್ಯ ಸ್ಟೋರ್ ರೂಮಿನ ಬಾಗಿಲಿನ ಚಿತ್ರ ಬರೆದು, ಹಳೆಯ ಸುಳಿವನ್ನು ಹರಿದು ಹಾಕಿದಳು.

ನಾಲ್ಕು ಗಂಟೆಗೆ ಹದಿನಾಲ್ಕು ಮಕ್ಕಳು ಬಂದರು. ಮರಿಯಮ್ಮ ಒಬ್ಬೊಬ್ಬರಿಗೂ ಟೋಪಿ ತೊಡಿಸಿ ಕೊರಳಿಗೆ ಸೀಟಿ ಕಟ್ಟಿದಳು. ಇಳಾ ಜೀನ್ಸ್ ಒಲ್ಲೆ ಎಂದು ಖಾಕಿ ಫ್ರಾಕನ್ನೇ ಹಾಕಿಕೊಂಡಿದ್ದಳು. ಮೊಸಳೆಯ ಮೇಲೆ ಹಾರಿದರು, ಹಗ್ಗದ ಏಣಿ ಹತ್ತಿ ಇಳಿದರು, ತೆಂಗಿನ ನಾರಿನ ಗುಹೆಯಲ್ಲಿ ತೆವಳಿದರು. ಪ್ರತಿ ಸುಳಿವಿಗೂ ಕಿರುಚಾಟ, ಪ್ರತಿ ಕಿರುಚಾಟಕ್ಕೂ ದಿವ್ಯ ತಿರುಗಿ ಹಿತ್ತಲ ಕಡೆ ನೋಡುತ್ತಿದ್ದಳು. ರವಿಕಿರಣ್ ಬಂದಿರಲಿಲ್ಲ. 'ಟ್ರಾಫಿಕ್. ಐದೂವರೆ ಆಗುತ್ತೆ' ಎಂದು ಹಂಸಾಳಿಗೆ ಮೆಸೇಜು ಬಂದಿತ್ತು. ಹಂಸಾ ಬಂದ ತಾಯಂದಿರಿಗೆ ಜ್ಯೂಸು ಕೊಡುತ್ತ ನಗುತ್ತಿದ್ದಳು. ಟ್ರೇಯಲ್ಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಐದು ಇಪ್ಪತ್ತಕ್ಕೆ ಮ್ಯಾಜಿಕ್ ಶೋ ಶುರುವಾಯಿತು. ಮಕ್ಕಳೆಲ್ಲ ಮುಂದೆ ಚಾಪೆಯ ಮೇಲೆ ಕೂತರು. ದಿವ್ಯ ಇಳಾಳನ್ನು ಪಕ್ಕಕ್ಕೆ ಕರೆದು ಆರನೇ ಸುಳಿವಿನ ಲಕೋಟೆ ಕೊಟ್ಟಳು. ಇಳಾ ಅದನ್ನು ತೆರೆದು ಬಾಗಿಲಿನ ಚಿತ್ರ ನೋಡಿದಳು. ಆಮೇಲೆ ದಿವ್ಯಳ ಕಿವಿಯ ಬಳಿ ಬಾಯಿ ತಂದಳು.

"ಆಂಟಿ, ಇದು ತಪ್ಪು. ನಂಗೊತ್ತು ಎಲ್ಲಿದೆ ಅಂತ. ಅಪ್ಪ ನಿನ್ನೆ ಪಾರ್ಕಲ್ಲಿ ಹೇಳಿದಾರೆ. ಹಿಂದಿನ ಗೇಟು!"

ದಿವ್ಯ ಕೈ ಚಾಚುವಷ್ಟರಲ್ಲಿ ಅವಳು ಓಡಿಬಿಟ್ಟಿದ್ದಳು. ಮನೆಯ ಪಕ್ಕದ ಕಿರಿದಾದ ದಾರಿಯಲ್ಲಿ, ನೀರಿನ ಸಂಪು ದಾಟಿ, ಬಟ್ಟೆ ಒಗೆಯುವ ಕಲ್ಲು ದಾಟಿ. ದಿವ್ಯ ಹಿಂದೆಯೇ ಓಡಿದಳು. ತಾನೇ ಕಟ್ಟಿದ್ದ ಬಳ್ಳಿಗೆ ಕಾಲು ಸಿಕ್ಕಿ ಬಿದ್ದಳು, ಮೊಣಕೈ ತರಚಿಹೋಯಿತು. ಎದ್ದು ಹಿತ್ತಲಿಗೆ ಬಂದಾಗ ಇಳಾ ಹಿಂದಿನ ಗೇಟಿನ ಸರಳು ಹಿಡಿದು ನಿಂತಿದ್ದಳು. ಆಚೆ ಕಡೆ ರವಿಕಿರಣ್ ಮಂಡಿಯೂರಿ ಕೂತಿದ್ದ. ಅವನ ಬೆನ್ನ ಹಿಂದೆ ಸಂದಿಯಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿಯೊಂದು ಇಂಜಿನ್ ಆರಿಸದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಗುಲಾಬಿ ಬಣ್ಣದ ಬ್ಯಾಗು.

"ಅಪ್ಪ, ಬೀಗ ಹಾಕಿದೆ," ಎಂದಳು ಇಳಾ.

ರವಿಕಿರಣ್ ಬೀಗ ನೋಡಿದ. ತಲೆಯೆತ್ತಿ ದಿವ್ಯಳನ್ನು ನೋಡಿದ. "ಬೀಗದ ಕೈ ಎಲ್ಲಿ?" ಎಂದ. ಮೆಲ್ಲಗೇ ಕೇಳಿದ, ಆದರೆ ಸರಳನ್ನು ಗಟ್ಟಿಯಾಗಿ ಹಿಡಿದಿದ್ದ.

"ನನ್ನ ಹತ್ರ ಇದೆ," ಎಂದಳು ಹಂಸಾ.

ಅವಳು ಅಡುಗೆಮನೆಯ ಹಿಂಬಾಗಿಲಿನಿಂದ ಬಂದಿದ್ದಳು. ಮಗಳು ಅಲ್ಲಿರುವುದನ್ನು ನೋಡಿ ಒಂದು ಕ್ಷಣ ನಿಂತಳು. ಮಗುವಿನ ಮುಂದೆ ಏನೂ ಆಗಬಾರದು ಎಂದಿದ್ದಳು, ಈಗ ಎಲ್ಲವೂ ಮಗುವಿನ ಮುಂದೆಯೇ ಇತ್ತು. ಅವಳು ಬಂದು ಇಳಾಳ ಭುಜದ ಮೇಲೆ ಕೈಯಿಟ್ಟಳು.

"ಅಮ್ಮ, ಬೀಗ ತೆಗಿ! ಅಪ್ಪ ಟ್ರೆಷರ್ ತಂದಿದಾರೆ."

ಮುಂದಿನಿಂದ ಮಕ್ಕಳು ಚಪ್ಪಾಳೆ ತಟ್ಟಿದ ಸದ್ದು ಕೇಳಿತು. ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಹಾಕಿ, "ಸಾರ್, ಏರ್‌ಪೋರ್ಟ್‌ಗೆ ಲೇಟಾಗುತ್ತೆ," ಎಂದ.

ಹಂಸಾ ಕಣ್ಣು ಮುಚ್ಚಿ ತೆರೆದಳು. "ಟ್ರೆಷರ್ ಇಲ್ಲಿಂದಾನೇ ಕೊಡ್ತಾರೆ ಇಳಾ," ಎಂದಳು. ಮಗಳಿಗೆ ಹೇಳುತ್ತಿದ್ದರೂ ಅವಳು ನೋಡುತ್ತಿದ್ದುದು ಗಂಡನನ್ನು. "ಕೊಟ್ಬಿಟ್ಟು ಮುಂದಿನ ಗೇಟಿಂದ ಬರ್ತಾರೆ. ಕೇಕ್ ಕಟ್ ಮಾಡ್ಬೇಕಲ್ಲ. ಅಪ್ಪ ಇಲ್ದೆ ಕಟ್ ಮಾಡಲ್ಲ ಅಂದಿದ್ದೆ ತಾನೇ ನೀನು?"

"ಹಂಸಾ, ಒಂದು ವಾರ," ಎಂದ ಅವನು. "ಒಂದೇ ವಾರ. ವಾಪಸ್ ಕರ್ಕೊಂಡು ಬರ್ತಿದ್ದೆ."

"ಇರ್ಬಹುದು. ನಂಗೆ ಹೇಗೆ ಗೊತ್ತಾಗ್ಬೇಕು?"

ಇಳಾ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಅವಳ ನಗು ಸಣ್ಣದಾಗುತ್ತ ಬಂತು. ತುಟಿ ಅಲುಗಿತು. ರವಿಕಿರಣ್ ಅದನ್ನು ನೋಡಿದ. ದಿವ್ಯಳಿಗೆ ಆಮೇಲೂ ಅನ್ನಿಸಿದ್ದು ಇದೇ: ಆ ತುಟಿ ಅಲುಗಿದ್ದನ್ನು ಅವನು ನೋಡದೇ ಇದ್ದಿದ್ದರೆ ಕೂಗಾಡುತ್ತಿದ್ದನೋ, ಗೇಟು ಹತ್ತುತ್ತಿದ್ದನೋ.

ಅವನು ಶರ್ಟಿನ ಜೇಬಿಗೆ ಕೈಹಾಕಿ ಒಂದು ಕಂದು ಕವರು ತೆಗೆದು ಸರಳುಗಳ ನಡುವೆ ಚಾಚಿದ.

"ಇದೇನಾ ಟ್ರೆಷರ್?" ಇಳಾ ಕೇಳಿದಳು.

"ಹೂಂ ಮಗಳೇ, ಇದೇ. ತುಂಬಾ ದೊಡ್ಡ ಟ್ರೆಷರ್. ಕಳೀಬೇಡ. ಅಮ್ಮಂಗೆ ಕೊಡು."

ಇಳಾ ಕೊಟ್ಟಳು. ಹಂಸಾ ಕವರು ತೆರೆದು ಒಳಗಿದ್ದುದನ್ನು ನೋಡಿ ಎದೆಗೆ ಒತ್ತಿಕೊಂಡಳು. ರವಿಕಿರಣ್ ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಟ್ಯಾಕ್ಸಿಯವನ ಬಳಿ ಏನೋ ಹೇಳಿದ. ಬ್ಯಾಗನ್ನು ಇಳಿಸಿಕೊಂಡು ಸಂದಿಯಲ್ಲಿ ನಡೆದು ಹೋದ.

ಅವನು ಮುಂದಿನ ಗೇಟಿನಿಂದ ಬರುತ್ತಾನೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಹತ್ತು ನಿಮಿಷವಾಯಿತು. ಇಳಾ ಕೇಕಿನ ಮುಂದೆ ಚಾಕು ಹಿಡಿದು ಗೇಟನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಅವನು ಬಂದ. ಮುಖ ತೊಳೆದುಕೊಂಡು ಬಂದಂತಿತ್ತು. ಜಯಸಿಂಹ ಎದ್ದು ಒಳಗೆ ಹೋದರು. ಇಳಾ ಅಪ್ಪನ ಕೈಯನ್ನೂ ಅಮ್ಮನ ಕೈಯನ್ನೂ ಚಾಕುವಿನ ಮೇಲೆ ಇರಿಸಿಕೊಂಡು ಕೇಕು ಕತ್ತರಿಸಿದಳು. ಹಂಸಾ ಒಂದು ಸಲವೂ ಅವನ ಕಡೆ ನೋಡಲಿಲ್ಲ.

ಮಕ್ಕಳೆಲ್ಲ ಹೊರಟ ಮೇಲೆ ದಿವ್ಯ ಮರದಿಂದ ಏಣಿ ಬಿಚ್ಚುತ್ತಿದ್ದಳು. ರವಿಕಿರಣ್ ಹೋಗುವವನು ಅವಳ ಬಳಿ ನಿಂತ.

"ನೀವೇ ಹೇಳಿದ್ದಾ?"

"ಹೌದು ಸಾರ್. ನಾನೇ ಹೇಳ್ದೆ."

ಅವನು ತಲೆಯಾಡಿಸಿದ. "ಬೀಗ ಇರ್ಲಿಲ್ಲ ಅಂದಿದ್ರೆ ಕರ್ಕೊಂಡು ಹೋಗ್ತಿದ್ದೆ," ಎಂದ. "ವಾಪಸ್ ತರ್ತಿದ್ನಾ? ಬೆಳಗ್ಗಿಂದ ನನ್ನನ್ನ ನಾನೇ ಕೇಳ್ಕೊತಿದೀನಿ." ಆಮೇಲೆ ಗೇಟು ತೆಗೆದು ಹೊರಟುಹೋದ. ದಿವ್ಯಳಿಗೆ ಅಳು ಬಂತು. ಮರಿಯಮ್ಮ ಬಂದು ಏಣಿಯ ಇನ್ನೊಂದು ತುದಿಯನ್ನು ಬಿಚ್ಚತೊಡಗಿದಳು.

ಹಂಸಾ ಅವತ್ತು ಥ್ಯಾಂಕ್ಸ್ ಹೇಳಲಿಲ್ಲ. ಒಂದು ತಿಂಗಳ ಮೇಲೆ ಫೋನ್ ಮಾಡಿ, ನಡೆದದ್ದನ್ನು ಬರೆದುಕೊಡಬೇಕೆಂದು ವಕೀಲೆ ಕೇಳುತ್ತಿದ್ದಾರೆ, ಬರುತ್ತೀರಾ ಎಂದಳು. ದಿವ್ಯ ಹೋದಳು. ಶನಿವಾರದ ಪಾರ್ಕು ನಿಂತುಹೋಗಿತ್ತು. ರವಿಕಿರಣ್ ದುಬೈಗೆ ಒಬ್ಬನೇ ಹೋಗಿದ್ದ, ವಾರಕ್ಕೆರಡು ಸಲ ವಿಡಿಯೋ ಕಾಲಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದ. ನಡೆದದ್ದನ್ನು ದಿವ್ಯ ಮೂರು ಪುಟ ಬರೆದಳು, ಶನಿವಾರ ತಾನು ಹೇಳಿದ ಸುಳ್ಳನ್ನೂ ಬಿಡದೆ. ಕೊನೆಯಲ್ಲಿ ಸಹಿ ಹಾಕಿದಳು.

ಇಬ್ಬರೂ ವಕೀಲೆಯ ಆಫೀಸಿನ ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಹಂಸಾ ಹೇಳಿದಳು: "ಇಳಾ ಈಗಲೂ ಕೇಳ್ತಾಳೆ, ಅವತ್ತು ಗೇಟಿಗೆ ಬೀಗ ಯಾಕೆ ಹಾಕಿದ್ದೆ ಅಂತ. ನೀವಾಗಿದ್ರೆ ಏನ್ ಹೇಳ್ತಿದ್ರಿ?"

"ಗೊತ್ತಿಲ್ಲ ಮೇಡಂ," ಎಂದಳು ದಿವ್ಯ.

ಹಂಸಾ ಹೂಂ ಎಂದು, ಆಟೋಗೆ ಕೈ ತೋರಿಸಿದಳು.